ಓದುಗರ ಪ್ರಶ್ನೋತ್ತರ: ಊರ ಬಾನುಲಿಗೆ ಯಾರನ್ನು ಕರೆಯಬೇಕು?

ಸಮುದಾಯ ಬಾನುಲಿಯ, ಅಂದರೆ ಸುತ್ತಲಿನ ಜನರಿಗಾಗಿ ಸ್ಥಳೀಯವಾಗಿ ನಡೆಯುವ ಪುಟ್ಟ ರೇಡಿಯೋ ಕೇಂದ್ರಗಳ, ಮಾತುಕತೆ ಕಾರ್ಯಕ್ರಮಗಳನ್ನು ಕುರಿತು ನಿರೂಪಕರಿಂದಲೂ ಕೇಳುಗರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ಸಮುದಾಯ ಬಾನುಲಿ ಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿ ವಾರಕ್ಕೊಮ್ಮೆ ಅರ್ಧ ಗಂಟೆಯ ಮಾತುಕತೆ ನಡೆಸಿಕೊಡುತ್ತೇನೆ. ವೈದ್ಯರು, ಪ್ರಾಂಶುಪಾಲರು, ಕೃಷಿ ಅಧಿಕಾರಿಗಳು ಹೀಗೆ ವಿಷಯ ಬಲ್ಲವರನ್ನೇ ಕರೆಸಿದರೂ ಕಾರ್ಯಕ್ರಮ ಸಪ್ಪೆಯಾಗಿರುತ್ತದೆ ಎಂದು ಕೇಳುಗರು ಹೇಳುತ್ತಾರೆ. ಅತಿಥಿಗಳನ್ನು ಹೇಗೆ ಆರಿಸಬೇಕು?

ಉತ್ತರ: ನಿಮ್ಮ ಅತಿಥಿಗಳಲ್ಲಿ ದೋಷವಿಲ್ಲ. ಅವರೊಬ್ಬರನ್ನೇ ಕೂರಿಸಿ, ಅವರಿಗೆ ಗೊತ್ತಿರುವುದನ್ನೆಲ್ಲ ಅರ್ಧ ಗಂಟೆಯಲ್ಲಿ ಹೇಳಿಸಲು ಹೊರಡುವುದರಲ್ಲಿ ತೊಡಕಿದೆ. ಡೆಂಗಿ ಜ್ವರದ ಲಕ್ಷಣಗಳನ್ನು ಆಕಾಶವಾಣಿಯೂ ಪತ್ರಿಕೆಗಳೂ ನಿಮಗಿಂತ ಅಚ್ಚುಕಟ್ಟಾಗಿ ತಿಳಿಸುತ್ತವೆ. ಅದನ್ನೇ ಮತ್ತೊಮ್ಮೆ ಕೇಳಲು ಯಾರೂ ರೇಡಿಯೋ ಹಾಕುವುದಿಲ್ಲ. ಸಮುದಾಯ ಬಾನುಲಿ ಕೇಂದ್ರಕ್ಕೆ ಸಾಮಾನ್ಯವಾಗಿ ಅನುಮತಿ ಇರುವ ಪ್ರಸಾರ ಶಕ್ತಿ 100 ವ್ಯಾಟ್ ಮಾತ್ರ, ಅದರ ಧ್ವನಿ ಮುಟ್ಟುವುದು ಸುತ್ತಲಿನ ಸುಮಾರು 10 ಕಿಲೋಮೀಟರ್ ದೂರಕ್ಕೆ. ಅಷ್ಟು ಚಿಕ್ಕ ಸೀಮೆಯಲ್ಲಿ ಇಂದು ಸಂಜೆ ಮೈಕಿನ ಮುಂದೆ ಮಾತಾಡಿದವರು ನಾಳೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲೋ ಪಂಚಾಯಿತಿ ಕಚೇರಿಯಲ್ಲೋ ಕೇಳುಗರಿಗೆ ಎದುರಾಗುತ್ತಾರೆ. ದೊಡ್ಡ ನಿಲಯಗಳಿಗೆ ಇಲ್ಲದ ಈ ಅನುಕೂಲವನ್ನು ಬಳಸಿಕೊಳ್ಳುವ ಹಾಗೆ ಅತಿಥಿಗಳನ್ನು ಆರಿಸಿದರೆ ಕಾರ್ಯಕ್ರಮಕ್ಕೆ ತಾನಾಗಿ ಜೀವ ಬರುತ್ತದೆ.

ಆದ್ದರಿಂದ ಮೊದಲು ಪದವಿಯನ್ನು ನೋಡದೆ ಪ್ರಶ್ನೆಯನ್ನು ನೋಡಿ. 'ನೀರು ಪೂರೈಕೆ' ಎಂಬ ವಿಷಯ ಇಟ್ಟುಕೊಂಡರೆ ಎಂಜಿನಿಯರರ ಭಾಷಣ ಸಿಗುತ್ತದೆ. 'ಮೇಲಿನ ಬೀದಿಗೆ ನೀರು ಏಕೆ ಕೊನೆಗೆ ಬರುತ್ತದೆ' ಎಂಬ ಪ್ರಶ್ನೆ ಇಟ್ಟುಕೊಂಡರೆ ಅದಕ್ಕೆ ಉತ್ತರ ಬಲ್ಲವರು ಯಾರೆಂದು ಹುಡುಕಬೇಕಾಗುತ್ತದೆ, ಹುಡುಕುತ್ತ ಹೋದರೆ ದಿನವೂ ವಾಲ್ವ್ ತಿರುಗಿಸುವ ನೀರುಗಂಟಿಯ ಮನೆಗೆ ತಲುಪುತ್ತೀರಿ. ಅವರನ್ನೂ ಎಂಜಿನಿಯರರನ್ನೂ ಒಟ್ಟಿಗೆ ಕೂರಿಸಬಹುದು. ಆದರೆ ಮೇಲಧಿಕಾರಿಯ ಎದುರು ಕೆಳಗಿನ ನೌಕರರಿಂದ ದೂರು ಹೇಳಿಸುವ ಸಾಹಸ ಬೇಡ. ಕಾರ್ಯಕ್ರಮ ಮುಗಿದ ಮೇಲೆ ಅದರ ಫಲವನ್ನು ಅವರು ಒಬ್ಬರೇ ಉಣ್ಣಬೇಕಾಗುತ್ತದೆ. ಯಾವ ಹೊತ್ತಿಗೆ ಯಾವ ವಾಲ್ವ್ ತೆರೆಯುತ್ತೀರಿ, ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಅವರ ಕೆಲಸವನ್ನಷ್ಟೇ ಕೇಳಿ. ಹಾಗಾದರೆ ತೊಂದರೆ ಹೀಗೇಕಾಗುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ನೀವೇ ಎಂಜಿನಿಯರರ ಮುಂದಿಡಿ. ಆಶಾ ಕಾರ್ಯಕರ್ತೆಯರು, ಲೈನ್‌ಮನ್‌ಗಳು, ಪೌರಕಾರ್ಮಿಕರು, ಹಾಸ್ಟೆಲಿನ ವಾರ್ಡನ್‌ಗಳು ಇವರೆಲ್ಲ ಇದೇ ರೀತಿಯ ಅತಿಥಿಗಳು.

ಅಮೆರಿಕದ ಶಿಕಾಗೋದಲ್ಲಿ ಸ್ಟಡ್ಸ್ ಟರ್ಕೆಲ್ ಎಂಬ ನಿರೂಪಕರು 1952ರಿಂದ 1997ರವರೆಗೆ ಒಂದೇ ಬಾನುಲಿ ಕೇಂದ್ರದಲ್ಲಿ ಮಾತುಕತೆ ನಡೆಸಿದರು. ಹೆಸರಾಂತ ಲೇಖಕರನ್ನೂ ಸಂಗೀತಗಾರರನ್ನೂ ಮಾತಾಡಿಸಿದ ಅವರಿಗೆ ಹೆಚ್ಚು ಕೀರ್ತಿ ತಂದದ್ದು ಸಾಮಾನ್ಯ ದುಡಿಮೆಗಾರರೊಂದಿಗಿನ ಸಂಭಾಷಣೆಗಳು. ಬಡಾವಣೆಯೊಂದರ ತಾಯಿಯೊಬ್ಬರಿಗೆ ಅವರದೇ ಧ್ವನಿಮುದ್ರಣವನ್ನು ಕೇಳಿಸಿದಾಗ, ತನ್ನೊಳಗೆ ಇಂಥ ಭಾವನೆಯಿತ್ತೆಂದು ತನಗೇ ತಿಳಿದಿರಲಿಲ್ಲ ಎಂದು ಆಕೆ ಬೆರಗಾದ ಪ್ರಸಂಗವನ್ನು ಟರ್ಕೆಲ್ ಮತ್ತೆ ಮತ್ತೆ ನೆನೆಯುತ್ತಿದ್ದರು. ನಮ್ಮ ನಿರೂಪಕರಲ್ಲಿ ಅನೇಕರು ಇಂಥ ಅತಿಥಿಗಳನ್ನು ಕರೆದರೂ ಅವರಿಂದ ಕಷ್ಟಸುಖದ ಕತೆಯನ್ನು ಮಾತ್ರ ಕೇಳಿ, ಅಭಿಪ್ರಾಯವನ್ನು ಅಧಿಕಾರಿಗಳಿಂದ ಕೇಳುತ್ತಾರೆ. ಪೌರಕಾರ್ಮಿಕರಿಗೂ ಕಸ ವಿಲೇವಾರಿಯ ಬಗ್ಗೆ ಅಭಿಪ್ರಾಯವಿರುತ್ತದೆ. ಬಹಳ ಸಲ ಅದು ಹೆಚ್ಚು ಖಚಿತವಾಗಿಯೂ ಇರುತ್ತದೆ.

ಇನ್ನು ಒಂದು ಲೆಕ್ಕ ಇಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಅತಿಥಿಗಳ ಪಟ್ಟಿ ತೆಗೆದು, ಯಾವ ಕೇರಿಯಿಂದ ಒಬ್ಬರೂ ಬಂದಿಲ್ಲ, ಹೆಂಗಸರು ಎಷ್ಟು ಜನ, ಇಪ್ಪತ್ತೈದು ದಾಟದವರು ಎಷ್ಟು ಜನ ಎಂದು ನೋಡಿ. ಕೇಂದ್ರ ಸರ್ಕಾರದ 2024ರ ಪರಿಷ್ಕೃತ ಮಾರ್ಗಸೂಚಿಯು ಸಮುದಾಯ ಬಾನುಲಿಯ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೇಳುತ್ತದೆ. ಸಮಿತಿಯಲ್ಲಿ ಅರ್ಧ ಮಂದಿ ಮಹಿಳೆಯರಿದ್ದೂ ಮೈಕಿನ ಮುಂದೆ ಗಂಡಸರೇ ತುಂಬಿಕೊಂಡಿದ್ದರೆ ಆ ನಿಯಮದ ಉದ್ದೇಶ ಈಡೇರಿದಂತಾಗುವುದಿಲ್ಲ.

ಪ್ರಶ್ನೆ: ಹೊರಗೆ ಚೆನ್ನಾಗಿ ಹರಟುವ ಅತಿಥಿಗಳು ಮೈಕ್ ಕಂಡ ಕೂಡಲೇ 'ಹೌದು', 'ಇಲ್ಲ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಪ್ರಶ್ನೆಗಳನ್ನು ಮೊದಲೇ ಬರೆದು ಕೊಡುವುದು ಸರಿಯೇ?

ಉತ್ತರ: ಬರೆದು ಕೊಡಬೇಡಿ. ಬರೆದು ಕೊಟ್ಟರೆ ಉತ್ತರಗಳೂ ಬರೆದುಕೊಂಡೇ ಬರುತ್ತವೆ, ಓದುವ ದನಿಯನ್ನು ಕೇಳುಗರು ಎರಡನೆಯ ವಾಕ್ಯದಲ್ಲೇ ಗುರುತಿಸಿಬಿಡುತ್ತಾರೆ. ಯಾವ ಯಾವ ಸಂಗತಿಗಳ ಬಗ್ಗೆ ಮಾತಾಡುತ್ತೇವೆ, ಎಷ್ಟು ಹೊತ್ತು, ಯಾವುದನ್ನು ಖಂಡಿತ ಕೇಳುವುದಿಲ್ಲ ಎಂಬ ಮೂರನ್ನು ಮೊದಲೇ ಹೇಳಿದರೆ ಸಾಕು.

ಬಹುಪಾಲು ಅಳುಕು ಮೊದಲ ಐದು ನಿಮಿಷದ್ದು. ಧ್ವನಿಯ ಲೆವೆಲ್ ನೋಡಲು 'ಹಲೋ, ಒಂದು, ಎರಡು' ಎನ್ನಿಸುವ ಬದಲು ಮನೆಯಿಂದ ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿ; ಅವರು ಸಹಜ ದನಿಯಲ್ಲಿ ಮಾತಾಡುತ್ತಿರುವಾಗ ಲೆವೆಲ್ ಸರಿಪಡಿಸಿಕೊಳ್ಳಬಹುದು, ಅವರಿಗೂ ನಾಲಿಗೆ ಸಡಿಲವಾಗುತ್ತದೆ. ಮೊದಲ ಪ್ರಶ್ನೆ ಅವರು ಕೈಯಾರೆ ಮಾಡುವ ಕೆಲಸದ ಬಗ್ಗೆ ಇರಲಿ. 'ನಿಮಗೆ ಕಷ್ಟವಾಗುತ್ತದೆಯೇ?' ಎಂದು ಕೇಳಿದರೆ 'ಹೌದು' ಎಂಬ ಉತ್ತರ ಬಂದೇ ಬರುತ್ತದೆ, ಅದು ಅತಿಥಿಯ ತಪ್ಪಲ್ಲ. 'ನಿನ್ನೆ ಬೆಳಿಗ್ಗೆ ಏನೇನು ಮಾಡಿದಿರಿ?' ಎಂದರೆ ಹತ್ತು ವಾಕ್ಯ ಸಿಗುತ್ತವೆ. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಬೇಡಿ. ಅತಿಥಿ ಸುಲಭವಾದದ್ದಕ್ಕೆ ಉತ್ತರಿಸಿ ಮತ್ತೊಂದನ್ನು ಮರೆಯುತ್ತಾರೆ, ಅಥವಾ ಮರೆತಂತೆ ಇರುತ್ತಾರೆ. ಉತ್ತರದ ನಡುವೆ 'ಹ್ಞೂಂ, ಹ್ಞೂಂ' ಎನ್ನುವ ಅಭ್ಯಾಸವಿದ್ದರೆ ಅದನ್ನು ಬಿಟ್ಟು ತಲೆಯಾಡಿಸಿ. ಮಾತು ನಿಂತಾಗ ಮೂರು ನಾಲ್ಕು ಸೆಕೆಂಡು ಕಾದು ನೋಡಿ. ಹೇಳಬೇಕೋ ಬೇಡವೋ ಎಂದು ಅವರು ತೂಗಿ ನೋಡುತ್ತಿರುವ ಸಂಗತಿ ಆಗ ಹೊರಬರುವುದುಂಟು.

ಅತಿಥಿಯ ನುಡಿಯನ್ನು ಪುಸ್ತಕದ ಕನ್ನಡಕ್ಕೆ ತಿದ್ದುವ ನಿರೂಪಕರನ್ನು ನಾವು ಕೇಳಿದ್ದೇವೆ. ಇದರಷ್ಟು ಬೇಗ ಅತಿಥಿಯ ಬಾಯಿ ಕಟ್ಟುವ ಉಪಾಯ ಮತ್ತೊಂದಿಲ್ಲ. ಕಾರ್ಯಕ್ರಮಗಳು ಸ್ಥಳೀಯ ಭಾಷೆ ಮತ್ತು ಉಪಭಾಷೆಗಳಲ್ಲಿರುವುದು ಉತ್ತಮವೆಂದು ಸಮುದಾಯ ಬಾನುಲಿಯ ನೀತಿಯೇ ಹೇಳಿರುವಾಗ ಈ ತಿದ್ದುಪಡಿ ಯಾರ ಮೆಚ್ಚುಗೆಗೆ? ಉಳಿದ ಸಣ್ಣ ವಿಷಯಗಳು: ಮೈಕಿನಿಂದ ಒಂದು ಗೇಣು ದೂರವಿರಲಿ, ಫ್ಯಾನ್ ನಿಲ್ಲಿಸಿ, ಬಳೆ ಮೇಜಿಗೆ ತಾಗಿ ಸದ್ದಾಗದಂತೆ ಒಂದು ಬಟ್ಟೆ ಹಾಸಿ. ಒಂದೇ ತರಹದ ದನಿಯುಳ್ಳ ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಯಾರು ಮಾತಾಡುತ್ತಿದ್ದಾರೆಂದು ಕೇಳುಗರಿಗೆ ತಿಳಿಯುವುದಿಲ್ಲ. ಅಂಥ ಸಂದರ್ಭ ಬಂದರೆ ಪ್ರತಿ ಪ್ರಶ್ನೆಯನ್ನೂ ಹೆಸರು ಹಿಡಿದು ಕೇಳಿ.

ಪ್ರಶ್ನೆ: ಕಾರ್ಯಕ್ರಮ ಎಷ್ಟು ಹೊತ್ತು ಇರಬೇಕು?

ಉತ್ತರ: ಹೇಳಲು ಸಂಗತಿ ಇರುವಷ್ಟು ಹೊತ್ತು. ಹದಿನೈದು ನಿಮಿಷಕ್ಕೆ ಮುಗಿಯುವುದನ್ನು ಹಾಡು ತುಂಬಿ ಅರ್ಧ ಗಂಟೆಗೆ ಎಳೆಯಬೇಕಾಗಿಲ್ಲ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಕರೆಸಿ ರಸ್ತೆ, ಚರಂಡಿಗಳ ಬಗ್ಗೆ ಕೇಳಬೇಕೆಂದಿದ್ದೇವೆ. ರಾಜಕೀಯಕ್ಕೆ ಅವಕಾಶವಿಲ್ಲವೆಂದು ಕೇಂದ್ರದ ಕೆಲವರು ಹಿಂಜರಿಯುತ್ತಿದ್ದಾರೆ. ನಿಯಮ ಏನು?

ಉತ್ತರ: ಹಿಂಜರಿಕೆಗೆ ಕಾರಣವಿದೆ, ಆದರೆ ಅದು ಅಗತ್ಯಕ್ಕಿಂತ ಹೆಚ್ಚಾಗಿದೆ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಅನಂತರ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ದೊರೆತು, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಆರಂಭವಾಯಿತು. 2006ರ ಸಮುದಾಯ ಬಾನುಲಿ ನೀತಿಯು ಲಾಭದ ಉದ್ದೇಶವಿಲ್ಲದ ನಾಗರಿಕ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಅದೇ ನೀತಿ ಸುದ್ದಿ, ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ನಿರ್ಬಂಧಿಸಿತು. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಮುಂದೆ ಅನುಮತಿ ದೊರೆತಿದೆ. ಸ್ಥಳೀಯ ಆಡಳಿತ ನೀಡುವ ನೀರು, ವಿದ್ಯುತ್ತು, ಆರೋಗ್ಯದ ಎಚ್ಚರಿಕೆ, ಪ್ರಕೃತಿ ವಿಕೋಪ ಮುಂತಾದ ಪ್ರಕಟಣೆಗಳನ್ನೂ, ಹವಾಮಾನ, ಸಂಚಾರ, ಪರೀಕ್ಷೆ, ಉದ್ಯೋಗಾವಕಾಶಗಳ ಮಾಹಿತಿಯನ್ನೂ ಸುದ್ದಿಯೆಂದು ಎಣಿಸುವುದಿಲ್ಲ.

ಹೀಗಿರುವಾಗ ಅಧ್ಯಕ್ಷರು ಚರಂಡಿಯ ಕಾಮಗಾರಿ ಯಾವ ಹಂತದಲ್ಲಿದೆ, ಗ್ರಾಮಸಭೆಯಲ್ಲಿ ಅರ್ಜಿ ಕೊಡುವ ಬಗೆ ಹೇಗೆ ಎಂದು ಹೇಳುವುದು ಸಮುದಾಯದ ಅಭಿವೃದ್ಧಿಯ ಮಾತು. ಎದುರು ಬಣದವರನ್ನು ಟೀಕಿಸುವುದು, ಮತ ಕೇಳುವುದು ನಿಷೇಧದ ವ್ಯಾಪ್ತಿಗೆ ಬರುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿಯಾಗುವ ಸಾಧ್ಯತೆಯಿರುವ ಯಾರನ್ನೂ ಕರೆಯದಿರುವುದು ಕ್ಷೇಮ. ನೇರ ಪ್ರಸಾರದ ಬದಲು ಧ್ವನಿಮುದ್ರಿಸಿಕೊಂಡರೆ ಗೆರೆ ದಾಟಿದ ಮಾತನ್ನು ಕತ್ತರಿಸಬಹುದು. ಕತ್ತರಿಸುತ್ತೇವೆಂದು ಅವರಿಗೆ ಮೊದಲೇ ತಿಳಿಸಿ.

ನಿಯಮಗಳ ನಡುವೆ ನಿಮಗೆ ಒದಗುವ ಒಂದು ಉಪಕಾರವಿದೆ. ಪ್ರಸಾರವಾದ ಎಲ್ಲ ಕಾರ್ಯಕ್ರಮಗಳನ್ನೂ ಮೂರು ತಿಂಗಳ ಕಾಲ ಕಾಪಾಡಿಡಬೇಕೆಂದು ನೀತಿ ಹೇಳುತ್ತದೆ. 'ಮುಂದಿನ ತಿಂಗಳು ಮುಗಿಸುತ್ತೇವೆ' ಎಂದು ಅಧ್ಯಕ್ಷರು ಹೇಳಿದ್ದರೆ, ಎರಡು ತಿಂಗಳ ಬಳಿಕ ಅವರನ್ನು ಮತ್ತೆ ಆಹ್ವಾನಿಸಿ, ಅವರದೇ ದನಿಯನ್ನು ಮೊದಲು ಕೇಳಿಸಿ ಮಾತು ಶುರುಮಾಡಿ. ಕಟಕಿಯ ಅಗತ್ಯವೇ ಇಲ್ಲ. ಕೆಲಸವಾಗಿದ್ದರೆ ಅವರಿಗೂ ಅದನ್ನು ಹೇಳುವ ಹಕ್ಕಿದೆ.

ಪ್ರಶ್ನೆ: ಗಂಡನ ಕುಡಿತದಿಂದ ನೊಂದ ಮಹಿಳೆಯೊಬ್ಬರು ಹೆಸರು ಹೇಳದೆ ನಮ್ಮ ಕಾರ್ಯಕ್ರಮದಲ್ಲಿ ಮಾತಾಡಲು ಒಪ್ಪಿದ್ದಾರೆ. ಹೆಸರು ಮುಚ್ಚಿಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ರಾಜ್ಯಕ್ಕೆಲ್ಲ ಕೇಳುವ ನಿಲಯದಲ್ಲಿ ಹೆಸರಿಲ್ಲದ ದನಿಯ ಗುರುತು ಸಿಗುವುದು ಕಷ್ಟ. ನಿಮ್ಮ ವ್ಯಾಪ್ತಿಯಲ್ಲಿ ದನಿಯೇ ವಿಳಾಸ. ಎರಡು ವಾಕ್ಯ ಕೇಳುವಷ್ಟರಲ್ಲಿ ಪಕ್ಕದ ಮನೆಯವರಿಗೆ ತಿಳಿಯುತ್ತದೆ, ಸಂಜೆಗೆ ಗಂಡನಿಗೂ ತಿಳಿಯುತ್ತದೆ. ಧ್ವನಿಯನ್ನು ಯಂತ್ರದಿಂದ ದಪ್ಪ ಮಾಡಿದರೂ ಮಾತಿನ ಧಾಟಿ, ಮಕ್ಕಳ ಸಂಖ್ಯೆ, ಕೆಲಸದ ಜಾಗ ಇವು ಉಳಿದೇ ಇರುತ್ತವೆ. ಅವರ ಅನುಭವವನ್ನು ಬರೆದುಕೊಂಡು, ಗುರುತಿನ ವಿವರಗಳನ್ನು ತೆಗೆದು, ಬೇರೊಬ್ಬರ ದನಿಯಲ್ಲಿ ಓದಿಸಿ. ಓದುತ್ತಿರುವವರು ಬೇರೆಯವರೆಂದು ಕೇಳುಗರಿಗೆ ಸ್ಪಷ್ಟವಾಗಿ ತಿಳಿಸಿ. ಪ್ರಸಾರಕ್ಕೆ ಮುನ್ನ ಆ ಬರಹವನ್ನು ಅವರಿಗೆ ಓದಿ ಹೇಳಿ, ಒಂದು ರಾತ್ರಿ ಕಳೆದ ಮೇಲೆ ಒಪ್ಪಿಗೆಯನ್ನು ಮತ್ತೊಮ್ಮೆ ಕೇಳಿ. ಬೇಡವೆಂದರೆ ಕಾರಣ ಕೇಳದೆ ಬಿಟ್ಟುಬಿಡಿ. ಅದೇ ಕಾರ್ಯಕ್ರಮದಲ್ಲಿ ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಎರಡು ಸಲವಾದರೂ ಹೇಳಿ. ಈ ವಿಷಯದಲ್ಲಿ ಒಳ್ಳೆಯ ಕಾರ್ಯಕ್ರಮಕ್ಕಿಂತ ಆಕೆಯ ಸುರಕ್ಷತೆ ದೊಡ್ಡದು ಎಂಬುದರಲ್ಲಿ ನಮಗೆ ಯಾವ ಸಂದೇಹವೂ ಇಲ್ಲ.

ಪ್ರಶ್ನೆ: ನೇರ ಪ್ರಸಾರದಲ್ಲಿ ಫೋನ್ ಮಾಡಿದವರು ಅತಿಥಿಯನ್ನು ಬೈದುಬಿಟ್ಟರೆ ಏನು ಮಾಡುವುದು?

ಉತ್ತರ: ಈ ಚಿಂತೆ ಬಾನುಲಿಗೆ ಹೊಸದಲ್ಲ. ಅಮೆರಿಕದ ಕೇಂದ್ರಗಳು 1950ರ ದಶಕದಲ್ಲೇ ಟೇಪಿನ ಸುರುಳಿಯೊಂದರಲ್ಲಿ ಮಾತನ್ನು ಮುದ್ರಿಸಿ, ಅದು ಕೆಲವು ಸೆಕೆಂಡುಗಳ ದೂರ ಸುತ್ತಿ ಬಂದ ಮೇಲೆ ಪ್ರಸಾರವಾಗುವ ಏರ್ಪಾಡು ಮಾಡಿಕೊಂಡಿದ್ದವು. ಇಂದು ಅದನ್ನೇ ಕಂಪ್ಯೂಟರ್ ಮಾಡುತ್ತದೆ: ಆಡಿದ ಮಾತು ಏಳೆಂಟು ಸೆಕೆಂಡು ತಡವಾಗಿ ಹೊರಹೋಗುತ್ತದೆ, ಅಷ್ಟರೊಳಗೆ ಗುಂಡಿ ಒತ್ತಿದರೆ ಆ ತುಣುಕು ಅಳಿಸಿಹೋಗುತ್ತದೆ. ಇಂಥ ತಡ ಇಟ್ಟುಕೊಂಡರೆ ಫೋನ್ ಮಾಡುವವರು ತಮ್ಮ ಮನೆಯ ರೇಡಿಯೋ ನಿಲ್ಲಿಸಿರಬೇಕು. ಇಲ್ಲವಾದರೆ ತಮ್ಮದೇ ಮಾತು ತಡವಾಗಿ ಕಿವಿಗೆ ಬಿದ್ದು ತಡವರಿಸುತ್ತಾರೆ.

ಆದರೂ ಯಂತ್ರಕ್ಕಿಂತ ಫೋನ್ ಎತ್ತುವ ಸಹಾಯಕರು ಮುಖ್ಯ. ಕರೆ ಮಾಡಿದವರ ಹೆಸರು, ಊರು, ಪ್ರಶ್ನೆ ಇಷ್ಟನ್ನು ಕೇಳಿಕೊಂಡು, ಕರೆಯನ್ನು ಕಡಿದು, ಕೇಂದ್ರದಿಂದಲೇ ತಿರುಗಿ ಕರೆ ಮಾಡಿದರೆ ಬೈಯಲೆಂದೇ ಬಂದವರು ಬಹುತೇಕ ಅಲ್ಲೇ ಉದುರುತ್ತಾರೆ. ಕೋಪದಿಂದ ಮಾತಾಡುವವರನ್ನೆಲ್ಲ ತಡೆಯಬೇಡಿ. ಆರು ತಿಂಗಳಿಂದ ಪಿಂಚಣಿ ಬಾರದವರ ದನಿ ಏರುವುದು ಸಹಜ. ಅದಕ್ಕೆ ಅತಿಥಿ ಉತ್ತರಿಸಲಿ.

ಪ್ರಶ್ನೆ: ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ಇಂಥ ಮಾತುಕತೆಯನ್ನು ಕೇಳುವವರು ಯಾರು? ಹಿಂದೆಂದಾದರೂ ಇದರಿಂದ ಪ್ರಯೋಜನವಾಗಿದೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದ ತೊಡಗುತ್ತೇವೆ. ಕೆನಡಾದಲ್ಲಿ 1941ರಲ್ಲಿ ಆರಂಭವಾದ ಕೃಷಿ ಬಾನುಲಿ ವೇದಿಕೆಯ ಮಾದರಿಯಲ್ಲಿ, ಯುನೆಸ್ಕೋ ನೆರವಿನಿಂದ 1956ರಲ್ಲಿ ಪುಣೆ ಆಕಾಶವಾಣಿಯ ಮೂಲಕ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿಯವರು ಗುಂಪಾಗಿ ಕೂತು ಅರ್ಧ ಗಂಟೆಯ ಕಾರ್ಯಕ್ರಮ ಕೇಳಿ, ಅಲ್ಲೇ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸುತ್ತಿದ್ದರು. ಮುಂದಿನ ಪ್ರಸಾರಗಳಲ್ಲಿ ಅವಕ್ಕೆ ಉತ್ತರ ಬರುತ್ತಿತ್ತು. ಬಾನುಲಿ ಸುಮ್ಮನೆ ಕೇಳಿಬಂದ ಹಳ್ಳಿಗಳಿಗಿಂತ ಚರ್ಚೆಯ ಗುಂಪುಗಳಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿತ್ತೆಂದು ಆ ಪ್ರಯೋಗದ ಅಧ್ಯಯನ ತೋರಿಸಿತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ತಂಡದವರು ತರಂಗಗಳ ಮೂಲಕ ಪ್ರಸಾರ ಮಾಡಲು ಕಾನೂನು ಬಿಡದಿದ್ದ ದಿನಗಳಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ತಲುಪಿಸಿದರು. ಈಗ ತೆಲಂಗಾಣಕ್ಕೆ ಸೇರಿರುವ, ಆಗಿನ ಮೇದಕ್ ಜಿಲ್ಲೆಯಲ್ಲಿ 2008ರಲ್ಲಿ ಆರಂಭವಾದ ಸಂಘಂ ರೇಡಿಯೋವನ್ನು ದಲಿತ ಮಹಿಳೆಯರೇ ನಡೆಸುತ್ತ ಬಂದಿದ್ದಾರೆ.

ಮೊಬೈಲಿನ ವಿಷಯಕ್ಕೆ ಬಂದರೆ, ಅದರಲ್ಲಿ ಜಗತ್ತಿನ ಮಾತೆಲ್ಲ ಸಿಗುತ್ತದೆ, ನಿಮ್ಮ ಬೀದಿಯ ನೀರಿನ ಮಾತು ಸಿಗುವುದು ಅಪರೂಪ. ಸಿಕ್ಕರೂ ಅದು ವಾಟ್ಸಾಪ್ ಗುಂಪಿನಲ್ಲಿ ಮೂಲ ತಿಳಿಯದ ಸಂದೇಶವಾಗಿರುತ್ತದೆ. ಹೇಳಿದವರನ್ನು ಮರುದಿನ ಎದುರಿಗೆ ನಿಲ್ಲಿಸಿ ಕೇಳುವಂತಿಲ್ಲ. ಕೇಳುಗರು ಮೊಬೈಲಿನಲ್ಲಿದ್ದರೆ ಕಾರ್ಯಕ್ರಮವೂ ಅಲ್ಲಿಗೆ ಹೋಗಲಿ: ಪ್ರಸಾರವಾದ ಮೇಲೆ ಅದರ ಐದು ನಿಮಿಷದ ತುಣುಕನ್ನು ಅದೇ ಗುಂಪುಗಳಿಗೆ ಕಳಿಸಿ, ಧ್ವನಿಸಂದೇಶದಲ್ಲಿ ಪ್ರಶ್ನೆಗಳನ್ನು ಪಡೆದು, ಅವನ್ನು ಮುಂದಿನ ವಾರದ ಅತಿಥಿಗೆ ಕೇಳಿಸಿ. ಬರೆಯಲು ಬಾರದ ಹಿರಿಯರು ಪತ್ರದ ಕಾಲದಲ್ಲಿ ಕೇಳಲಾಗದೆ ಹೋದ ಪ್ರಶ್ನೆಗಳನ್ನು ಈಗ ತಮ್ಮ ದನಿಯಲ್ಲೇ ಕೇಳಬಹುದು. ಇಂಥ ಸಂದೇಶಗಳನ್ನು ಪ್ರಸಾರ ಮಾಡುವ ಮುನ್ನ ಕಳಿಸಿದವರ ಅನುಮತಿ ಪಡೆಯುವುದನ್ನು ಮಾತ್ರ ಮರೆಯಬೇಡಿ.