ಮಳೆಗಾಲದಲ್ಲಿ ಮಂಕಾದ ನಕ್ಷತ್ರಗಳು

ಪ್ರಶ್ನೆ: ಮೇಡಂ, ಜಾತ್ರೆಯಲ್ಲಿ ಮಗಳಿಗೆ ‘ರೇಡಿಯಂ ನಕ್ಷತ್ರ’ ಕೊಡಿಸಿ ಕೋಣೆಯ ಮುಚ್ಚಿಗೆಗೆ ಅಂಟಿಸಿದ್ದೇವೆ. ಬೇಸಿಗೆಯಲ್ಲಿ ಚೆನ್ನಾಗಿ ಹೊಳೆಯುತ್ತಿದ್ದವು. ಮಳೆ ಹಿಡಿದ ಮೇಲೆ ಮಂಕಾಗಿವೆ. ಇದರಲ್ಲಿ ವಿಕಿರಣ ಇದೆಯಾ? ಮಕ್ಕಳ ಕೋಣೆಯಲ್ಲಿ ಇರಬಹುದಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಇರಲಿ ಬಿಡಿ, ಹೆದರಬೇಡಿ. ಬಿಸಿಲು ಕಮ್ಮಿಯಾದ ಕೂಡಲೇ ಮಂಕಾಗಿದ್ದೇ ಅದರಲ್ಲಿ ರೇಡಿಯಂ ಇಲ್ಲ ಅನ್ನೋದಕ್ಕೆ ಗುರುತು. ರೇಡಿಯಂ ಇದ್ದಿದ್ದರೆ ಅದರ ವಿಕಿರಣವೇ ಹೊಳೆಸುತ್ತಿತ್ತು, ಬಿಸಿಲೂ ಬೇಡ, ಬಲ್ಬೂ ಬೇಡ. ಹೆದರುವುದಾದರೆ ಅಜ್ಜನ ಕಾಲದ ಗಡಿಯಾರಕ್ಕೆ ಹೆದರಿ. ಆಗಿನ ಕೆಲವು ಗಡಿಯಾರಗಳ ಮುಳ್ಳಿಗೆ ನಿಜವಾದ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಆ ಬಣ್ಣದಲ್ಲಿ ಬೆಳಕು ಕೊಡುವ ಹರಳು ವಿಕಿರಣದ ಹೊಡೆತಕ್ಕೇ ಕೆಟ್ಟು ಹೊಳಪು ನಿಂತಿರುತ್ತದೆ. ಆದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥದ್ದು ಮನೆಯಲ್ಲಿದ್ದರೆ ಸುಮ್ನೆ ಬಿಚ್ಚಲು ಹೋಗಬೇಡಿ.

ನಿಮ್ಮ ನಕ್ಷತ್ರ ಅರ್ಧ ಗಂಟೆಯಲ್ಲಿ ಆರಿದರೆ ಅದು ಹಳೆಯ ಬಗೆಯದು, ತಾಮ್ರ ಬೆರೆಸಿದ ಸತುವಿನ ಸಲ್ಫೈಡ್ ಎಂಬ ಪುಡಿ. ನಡುರಾತ್ರಿ ಎಚ್ಚರವಾದಾಗಲೂ ಕಾಣುತ್ತಿದ್ದರೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿ. ಇದನ್ನು ಜಪಾನಿನ ಸಂಶೋಧಕರು 1996ರಲ್ಲಿ ಪ್ರಕಟಿಸಿದರು. ಈ ಪುಡಿ ಪೂರ್ತಿ ಶುದ್ಧವಾಗಿದ್ದರೆ ಹೀಗೆ ಹೊಳೆಯುವುದೇ ಇಲ್ಲ. ತಯಾರಿಸುವಾಗ ಬೇಕಂತಲೇ ಚಿಟಿಕೆ ಯುರೋಪಿಯಂ, ಚಿಟಿಕೆ ಡಿಸ್ಪ್ರೋಸಿಯಂ ಎಂಬ ಲೋಹಗಳನ್ನು ಬೆರೆಸುತ್ತಾರೆ. ಹರಳಿನೊಳಗೆ ಅಲ್ಲೊಂದು ಇಲ್ಲೊಂದು ಸ್ಟ್ರಾನ್ಷಿಯಂ ಕೂರಬೇಕಾದ ಜಾಗದಲ್ಲಿ ಇವು ಹೋಗಿ ಕೂರುತ್ತವೆ. ಹರಳಿನ ಮಟ್ಟಿಗೆ ಇದು ದೋಷ.

ಬೆಳಕು ಬಿದ್ದಾಗ ಯುರೋಪಿಯಂನಿಂದ ಎಲೆಕ್ಟ್ರಾನ್ ಎಗರುತ್ತದೆ. ಕೆಲವು ತಕ್ಷಣ ವಾಪಸ್ಸು ಬರುತ್ತವೆ. ಉಳಿದವು ದೋಷದ ಜಾಗಗಳಲ್ಲಿ ಸಿಕ್ಕಿಬೀಳುತ್ತವೆ, ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆಯ ರಸ್ತೆ ಗುಂಡಿಗೆ ಸ್ಕೂಟರ್ ಇಳಿದ ಹಾಗೆ. ಮೇಲೆ ಬರಬೇಕಾದರೆ ಯಾರಾದರೂ ದೂಡಬೇಕು. ಇಲ್ಲಿ ದೂಡುವುದು ಕೋಣೆಯ ಶಾಖ. ಒಂದೊಂದಾಗಿ ಹೊರಬಿದ್ದು ಯುರೋಪಿಯಂಗೆ ಮರಳಿದಾಗ ಆ ಹಸಿರು ಬೆಳಕು ಬರುತ್ತದೆ. ಅದರ ತರಂಗಾಂತರ ಸುಮಾರು 520 ನ್ಯಾನೋಮೀಟರ್. ಡಿಸ್ಪ್ರೋಸಿಯಂ ಸೇರಿದರೆ ಗುಂಡಿಗಳ ಆಳ ಜಾಸ್ತಿ, ಹಾಗಾಗಿ ಹೊಳಪೂ ಹೆಚ್ಚು ಹೊತ್ತು.

ನಂಬಿಕೆ ಬರದಿದ್ದರೆ ಇವತ್ತು ರಾತ್ರಿಯೇ ನೋಡಿ. ಎರಡು ನಕ್ಷತ್ರ ಕಿತ್ತು ಮೊಬೈಲ್ ಟಾರ್ಚ್ ಹಿಡಿಯಿರಿ. ದೀಪ ಆರಿಸಿ ಹತ್ತು ನಿಮಿಷ ಬಿಟ್ಟು, ಒಂದನ್ನು ಬಿಸಿ ಕಾಫಿ ಇರುವ ಸ್ಟೀಲ್ ಲೋಟದ ಹೊರಮೈಗೆ ಒತ್ತಿ ಹಿಡಿದು ತೆಗೆಯಿರಿ. ಅದು ಪಕ್ಕದ್ದಕ್ಕಿಂತ ಎದ್ದು ಹೊಳೆಯುತ್ತದೆ, ಆದರೆ ಬೇಗ ಆರುತ್ತದೆ. ಇನ್ನೊಂದನ್ನು ಫ್ರೀಜರ್‌ನಲ್ಲಿಟ್ಟರೆ ಮಂಕಾಗುತ್ತದೆ. ಹೊರಗೆ ತೆಗೆದು ಅಂಗೈಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಹೊಳಪು ಏರುತ್ತದೆ. ಮಗಳಿಗೆ ನಕ್ಷತ್ರಕ್ಕಿಂತ ಇದೇ ಇಷ್ಟವಾದೀತು.

ಮಳೆಗಾಲದ ವಿಷಯ ಈಗ ಗೊತ್ತಾಯಿತಲ್ವಾ? ಚಳಿಯ ಪಾತ್ರ ಸ್ವಲ್ಪ. ಮುಖ್ಯವಾಗಿ ನಮ್ಮ ಹೆಂಚಿನ ಮನೆಗಳಿಗೆ ಜುಲೈನಲ್ಲಿ ಹಗಲು ಅನ್ನೋದೇ ಬರುವುದಿಲ್ಲ! ಹಳದಿ ಬಲ್ಬ್ ಉರಿಸಿಯೂ ಜಾಸ್ತಿ ಉಪಯೋಗವಿಲ್ಲ. ಈ ಪುಡಿಗೆ ಬೇಕಾದದ್ದು ನೀಲಿ ಮತ್ತು ನೇರಳಾತೀತ ಬೆಳಕು. ಮಲಗುವ ಮುಂಚೆ ಬಿಳಿ ಎಲ್‌ಇಡಿ ಟಾರ್ಚನ್ನು ಹತ್ತಿರದಿಂದ ಹಿಡಿದರೆ ಸಾಕು. ಒಂದೆರಡನ್ನು ಮೆಟ್ಟಿಲ ಅಂಚಿಗೂ ಅಂಟಿಸಿ, ಕರೆಂಟ್ ಹೋದಾಗ ಅನುಕೂಲ.