ಆಟದ ಅಂಗಳ: ಅಣ್ಣ ಕೊಟ್ಟ ಗಾರ್ಚಾಂಪ್ ನನ್ನ ಮಾತಿಗೆ ಸೊಪ್ಪೇ ಹಾಕುತ್ತಿಲ್ಲ

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಒಂಬತ್ತನೇ ಕ್ಲಾಸು. ಮನೆಯಲ್ಲಿ ನಿಂಟೆಂಡೊ ಸ್ವಿಚ್ ಅನ್ನುವ ವಿಡಿಯೊ ಗೇಮ್ ಯಂತ್ರ ಇದೆ, ಅದರಲ್ಲಿ ಪೋಕೆಮಾನ್ ಸ್ಕಾರ್ಲೆಟ್ ಆಡುತ್ತಿದ್ದೇನೆ. ಜಿಮ್ ಅನ್ನುವ ಕಾಳಗದ ಕೇಂದ್ರಗಳ ಮುಖ್ಯಸ್ಥರನ್ನು ಗೆದ್ದರೆ ಸಿಗುವ ಬ್ಯಾಡ್ಜ್ ಎರಡು ಆಗಿವೆ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ 70ನೇ ಲೆವೆಲ್ಲಿನ ಗಾರ್ಚಾಂಪ್ ಅನ್ನುವ ಪೋಕೆಮಾನನ್ನು ಟ್ರೇಡ್ ಮಾಡಿದ, ಅಂದರೆ ಅದಲುಬದಲು ಮಾಡಿ ನನ್ನ ಆಟಕ್ಕೆ ಕಳಿಸಿದ. ಈಗ ನನಗೆ ಯಾರೂ ಎದುರಿಲ್ಲ ಅಂದುಕೊಂಡೆ. ಆದರೆ ಅದು ಹೊಡಿ ಅಂದರೆ ಹೊಡೆಯುವುದಿಲ್ಲ. ಮುಖ ತಿರುಗಿಸುತ್ತದೆ, ಸುಮ್ಮನೆ ನಿಲ್ಲುತ್ತದೆ, ಒಮ್ಮೊಮ್ಮೆ ಮಲಗಿಯೇ ಬಿಡುತ್ತದೆ. ಆಟದೊಳಗೆ ದಿನಾ ಪಿಕ್ನಿಕ್ ಮಾಡಿ ಸ್ಯಾಂಡ್‌ವಿಚ್ ತಿನ್ನಿಸಿದೆ. ಸೋಪು ಹಚ್ಚಿ ತೊಳೆದೆ. ಇಷ್ಟು ಪ್ರೀತಿ ಮಾಡಿದರೂ ಯಾಕೆ ಹೀಗೆ? ವಾಪಸ್ ಕೊಟ್ಟುಬಿಡಲಾ?
– ಒಬ್ಬ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ವಾಪಸ್ ಕೊಡಬೇಡ ಮರಿ. ನಿನ್ನ ಆಟವೂ ಕೆಟ್ಟಿಲ್ಲ, ಗಾರ್ಚಾಂಪೂ ಕೆಟ್ಟಿಲ್ಲ. ನೀನು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದೀಯ, ಅಷ್ಟೇ. ಪೋಕೆಮಾನ್ ನಿನ್ನನ್ನು ಇಷ್ಟಪಡುವುದು ಒಂದು. ನಿನ್ನ ಮಾತು ಕೇಳುವುದು ಇನ್ನೊಂದು. ಸ್ಯಾಂಡ್‌ವಿಚ್ಚು, ಸ್ನಾನ ಇವೆಲ್ಲ ಮೊದಲನೆಯದಕ್ಕೆ. ಎರಡನೆಯದಕ್ಕೆ ಬ್ಯಾಡ್ಜೇ ಬೇಕು.

ನಿನ್ನ ಆಟದ ಲೆಕ್ಕ ಹೀಗಿದೆ. ಒಂದೂ ಬ್ಯಾಡ್ಜ್ ಇಲ್ಲದಾಗ 20ನೇ ಲೆವೆಲ್ಲಿನವರೆಗಿನವು ಮಾತು ಕೇಳುತ್ತವೆ. ಒಂದೊಂದು ಬ್ಯಾಡ್ಜಿಗೂ ಐದೈದು ಲೆವೆಲ್ ಏರುತ್ತದೆ. ನಿನ್ನ ಹತ್ತಿರ ಎರಡಿವೆ, ಅಂದರೆ 30ರವರೆಗೆ. ಏಳು ಬ್ಯಾಡ್ಜಿಗೆ 55. ಎಂಟೂ ಆದ ಮೇಲೆ ಯಾವ ಲೆವೆಲ್ ಇದ್ದರೂ ಕೇಳುತ್ತದೆ. 70ರ ಗಾರ್ಚಾಂಪ್ ನಿನ್ನ ಮಾತು ಕೇಳಬೇಕಾದರೆ ಎಂಟೂ ಬೇಕು, ನಡುವೆ ಅಡ್ಡದಾರಿ ಇಲ್ಲ.

ಇದರಲ್ಲಿ ಇನ್ನೊಂದು ಮಾತಿದೆ, ತುಂಬ ಜನ ಗಮನಿಸುವುದಿಲ್ಲ. ಈ ಆಟ ನೋಡುವುದು ಪೋಕೆಮಾನ್ ನಿನ್ನ ಕೈಗೆ ಬಂದಾಗ ಯಾವ ಲೆವೆಲ್ಲಿನಲ್ಲಿತ್ತು ಅಂತ. ಎರಡು ಬ್ಯಾಡ್ಜ್ ಇರುವಾಗ ನೀನು 28ರಲ್ಲಿ ಒಂದನ್ನು ಹಿಡಿದೆ ಅಂದುಕೋ. ಅದನ್ನು 60ರವರೆಗೆ ಬೆಳೆಸಿದರೂ ಅದು ನಿನಗೆ ಬೆನ್ನು ತಿರುಗಿಸುವುದಿಲ್ಲ. ಅದೇ, ಕಾಡಿನಲ್ಲಿ 40ರದ್ದನ್ನು ಹಿಡಿದರೆ ನಾಲ್ಕನೇ ಬ್ಯಾಡ್ಜ್ ಬರುವವರೆಗೆ ತನ್ನಿಷ್ಟ ಬಂದಂತೆ ಇರುತ್ತದೆ, ನೀನೇ ಹಿಡಿದಿದ್ದರೂ. ಚಿಕ್ಕದಿದ್ದಾಗ ನಿನ್ನ ಜೊತೆ ಬಂದದ್ದು ದೊಡ್ಡದಾದ ಮೇಲೂ ನಿನ್ನದೇ. ಈ ಒಂದು ನಿಯಮ ನನಗೆ ಇಡೀ ಆಟದಲ್ಲೇ ತುಂಬ ಇಷ್ಟ.

ನಿನ್ನ ಕಾಗದ ಓದುವಾಗ ನನ್ನ ಒಂದು ಬೇಸಿಗೆ ರಜೆ ಕಣ್ಣ ಮುಂದೆ ಬಂತು. ನಾನು ಆಗ ಶಿವಮೊಗ್ಗದಲ್ಲಿ ಏಳನೇ ಕ್ಲಾಸು. ಮಸ್ಕತ್‌ನಲ್ಲಿದ್ದ ದೊಡ್ಡಮ್ಮನ ಮನೆಯವರು ರಜೆಗೆ ಬಂದಿದ್ದರು. ಅಣ್ಣನ ಹತ್ತಿರ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಕಲರ್ ಎರಡು ಇದ್ದವು, ಹಳೆಯದನ್ನು ನನಗೆ ಕೊಟ್ಟ. ಅದರಲ್ಲಿ ಪೋಕೆಮಾನ್ ಸಿಲ್ವರ್ ಅನ್ನುವ ಆಟ. ಆ ಪರದೆಗೆ ಒಳಗಿನಿಂದ ಬೆಳಕಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕೂತು, ಅದನ್ನು ಓರೆ ಹಿಡಿದು ಆಡಬೇಕು. ಕರೆಂಟ್ ಹೋದರೆ ಆಟವೂ ಹೋಯಿತು.

ಒಂದನೇ ಬ್ಯಾಡ್ಜ್ ಬಂದಿತ್ತಷ್ಟೇ. ಅಣ್ಣ ಎರಡೂ ಗೇಮ್ ಬಾಯ್‌ಗೆ ವೈರ್ ಸಿಕ್ಕಿಸಿ ತನ್ನ ಕ್ರೊಕೊನಾ ಅನ್ನುವ ಪೋಕೆಮಾನನ್ನು ಕಳಿಸಿಕೊಟ್ಟ. 27ನೇ ಲೆವೆಲ್. ನನ್ನ ಹತ್ತಿರ ಇದ್ದವೆಲ್ಲ ಹನ್ನೆರಡು, ಹದಿಮೂರರವು. ಅದನ್ನು ಮುಂದಿಟ್ಟುಕೊಂಡು ಅಜೇಲಿಯಾ ಊರಿನ ಬಗ್ಸಿಯ ಜಿಮ್ಮಿಗೆ ನುಗ್ಗಿದೆ. ಬಗ್ಸಿಯ ಕೊನೆಯ ಪೋಕೆಮಾನ್ ಸೈದರ್, 16ನೇ ಲೆವೆಲ್. ಅದರ ಫ್ಯೂರಿ ಕಟರ್ ಗೊತ್ತಾ? ಮೊದಲ ಏಟು ಸೊಳ್ಳೆ ಕಚ್ಚಿದ ಹಾಗೆ, ಬರೀ 10ರ ಶಕ್ತಿ. ತಪ್ಪದೆ ಬೀಳುತ್ತಾ ಹೋದರೆ ಪ್ರತಿ ಸಲ ಇಮ್ಮಡಿ. 20, 40, 80, ಆಮೇಲೆ 160. ಅದನ್ನು ಬೇಗ ಮುಗಿಸಬೇಕು, ಸಮಯ ಕೊಡಬಾರದು. ನಾನು ಒತ್ತಿದೆ. ಕ್ರೊಕೊನಾ ಮುಖ ತಿರುಗಿಸಿತು. ಮತ್ತೆ ಒತ್ತಿದೆ. ಮಲಗಿತು. ಆ ಆಟದಲ್ಲಿ ಬೇರೆಯವರಿಂದ ಬಂದದ್ದು ಒಂದು ಬ್ಯಾಡ್ಜಿಗೆ 10ನೇ ಲೆವೆಲ್ಲಿನವರೆಗೆ ಮಾತ್ರ ಮಾತು ಕೇಳುತ್ತದೆ, ನನಗೆ ಅದು ಗೊತ್ತಿರಲಿಲ್ಲ. ಅದು ಮಲಗಿದ್ದಾಗ ಸೈದರ್ ಒಂದಾದ ಮೇಲೊಂದು ಏಟು ಕೊಡುತ್ತಲೇ ಇತ್ತು. ಉಳಿದ ಜೀವ ತೋರಿಸುವ ಹಸಿರು ಗೆರೆ ಹಳದಿ ಆಯಿತು, ಹಳದಿ ಕೆಂಪಾಯಿತು. ನಾನು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಅತ್ತೆ.

ಅಣ್ಣ ನಗಲಿಲ್ಲ. 'ನಿನ್ನ ಬಾಕ್ಸಿನಲ್ಲಿ ಜಿಯೊಡೂಡ್ ಇದೆ ಅಲ್ವಾ, ಅದನ್ನು ತೆಗಿ' ಅಂದ. ಬಾಕ್ಸ್ ಅಂದರೆ ತಂಡಕ್ಕೆ ಬೇಡದ ಪೋಕೆಮಾನ್‌ಗಳನ್ನು ಇಡುವ ಜಾಗ. ಕತ್ತಲ ಗುಹೆಯಲ್ಲಿ ಸಿಕ್ಕ ಕಲ್ಲುಗುಂಡು ಅದು, ನಾನು ಮೂಲೆಗೆ ಹಾಕಿದ್ದೆ. ಎರಡು ದಿನ ಹುಲ್ಲಿನಲ್ಲಿ ಅಲೆಸಿ ಬೆಳೆಸಿದೆ. 11ನೇ ಲೆವೆಲ್ಲಿಗೆ ರಾಕ್ ಥ್ರೋ ಕಲಿಯಿತು. ಸೈದರ್ ಹುಳವೂ ಹೌದು, ಹಾರುವುದೂ ಹೌದು. ಹಾಗಾಗಿ ಕಲ್ಲೇಟು ಅದಕ್ಕೆ ನಾಲ್ಕು ಪಟ್ಟು ತಾಗುತ್ತದೆ. 15ನೇ ಲೆವೆಲ್ಲಿನ ಜಿಯೊಡೂಡ್ ಎರಡೇ ಕಲ್ಲಿಗೆ ಅದನ್ನು ಉರುಳಿಸಿತು. ಹೇಳಿದ್ದನ್ನು ಹೇಳಿದ ತಕ್ಷಣ ಮಾಡಿತು. ಅವತ್ತಿನಿಂದ ಅದನ್ನು ನಾನು ಬಾಕ್ಸಿಗೆ ಹಾಕಲೇ ಇಲ್ಲ.

ಟ್ರೇಡ್‌ನಲ್ಲಿ ಬಂದದ್ದು ಬ್ಯಾಡ್ಜ್ ನೋಡಿ ಮಾತು ಕೇಳುವ ನಿಯಮ ಮೊದಲ ಆಟದಿಂದಲೂ ಇದೆ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪೋಕೆಮಾನ್ ರೆಡ್ ಮತ್ತು ಗ್ರೀನ್ ಬಂದವು. ಮಾಡಿದವರು ಸತೋಶಿ ತಾಜಿರಿ ಮತ್ತು ಅವರ ಗೇಮ್ ಫ್ರೀಕ್ ತಂಡ. ತಾಜಿರಿಯವರಿಗೆ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚು. ಎರಡು ಗೇಮ್ ಬಾಯ್ ಜೋಡಿಸುವ ವೈರ್ ನೋಡಿದಾಗ, ಅದರೊಳಗೆ ಹುಳವೊಂದು ಆ ಕಡೆಯಿಂದ ಈ ಕಡೆಗೆ ಹರಿದು ಹೋಗುವುದು ಅವರಿಗೆ ಕಂಡಿತಂತೆ. ಟ್ರೇಡ್ ಈ ಆಟದ ಜೀವ. ಆದರೆ ಟ್ರೇಡ್ ಮಾಡಿದ ದೈತ್ಯನೇ ಮೊದಲ ದಿನದಿಂದ ಎಲ್ಲರನ್ನೂ ಹೊಡೆದು ಹಾಕಿದರೆ ನಿನಗೆ ಆಡಲು ಏನು ಉಳಿಯುತ್ತದೆ ಹೇಳು. ಅದಕ್ಕೇ ಈ ಕಟ್ಟು ಇಟ್ಟಿದ್ದಾರೆ ಅಂತ ನನ್ನ ನಂಬಿಕೆ. ಇಟ್ಟದ್ದು ಒಳ್ಳೆಯದೇ ಆಯಿತು.

ಈಗ ನೀನು ಏನು ಮಾಡಬೇಕು? ಗಾರ್ಚಾಂಪ್‌ನಿಂದ ಮರಿ ಮಾಡಿಸು. ಮೊದಲು ಅದಕ್ಕೆ ಜೋಡಿಯಾಗಲು ಡಿಟ್ಟೊ ಅನ್ನುವ ಪೋಕೆಮಾನ್ ಒಂದನ್ನು ಹಿಡಿ. ಅದು ಪಶ್ಚಿಮ ಪ್ರಾಂತ್ಯದ ಎರಡನೇ ವಲಯದಲ್ಲಿ ಸಿಗುತ್ತದೆ. ಬೇರೆ ಪೋಕೆಮಾನಿನ ವೇಷ ಹಾಕಿಕೊಂಡು ಓಡಾಡುತ್ತಿರುತ್ತದೆ, ಕಾಳಗಕ್ಕೆ ಇಳಿದ ಮೇಲೆ ಬಣ್ಣ ಬಯಲಾಗುತ್ತದೆ. ಡಿಟ್ಟೊ ಮತ್ತು ಗಾರ್ಚಾಂಪ್ ಎರಡನ್ನೂ ತಂಡದಲ್ಲಿ ಇಟ್ಟುಕೊಂಡು ಪಿಕ್ನಿಕ್ ಹಾಕು. ಸ್ವಲ್ಪ ಹೊತ್ತು ಬಿಟ್ಟು ಮೇಜಿನ ಪಕ್ಕದ ಬುಟ್ಟಿ ನೋಡು. ಮೊಟ್ಟೆ ಇರುತ್ತದೆ. ಅದನ್ನು ತಂಡದಲ್ಲಿ ಇಟ್ಟುಕೊಂಡು ನಡೆಯುತ್ತಾ ಹೋಗು. ಒಳಗಿರುವುದು ಗಿಬಲ್, ಗಾರ್ಚಾಂಪಿನ ಮರಿರೂಪ. ಅದರ ಮೊಟ್ಟೆ ಒಡೆಯಲು ಹೊತ್ತು ಜಾಸ್ತಿ, ಬೇಜಾರು ಮಾಡಿಕೊಳ್ಳಬೇಡ. ಫ್ಲೆಚ್‌ಲಿಂಗ್ ಹಕ್ಕಿಯನ್ನು 17ಕ್ಕೆ ಬೆಳೆಸಿದರೆ ಫ್ಲೆಚಿಂಡರ್ ಆಗುತ್ತದೆ. ಮೈಯಲ್ಲಿ ಬೆಂಕಿಯ ಕಾವಿರುವ, ಅಂದರೆ ಫ್ಲೇಮ್ ಬಾಡಿ ಗುಣದ ಫ್ಲೆಚಿಂಡರ್ ತಂಡದಲ್ಲಿದ್ದರೆ ಮೊಟ್ಟೆ ಅರ್ಧ ಹೊತ್ತಿಗೇ ಒಡೆಯುತ್ತದೆ.

ಹುಟ್ಟುವ ಗಿಬಲ್ 1ನೇ ಲೆವೆಲ್. ಅದರ ಯಜಮಾನ ನೀನೇ, ಅಣ್ಣ ಅಲ್ಲ. 24ಕ್ಕೆ ಗಾಬೈಟ್, 48ಕ್ಕೆ ಗಾರ್ಚಾಂಪ್. ಒಂದೇ ಒಂದು ಸಲವೂ ನಿನಗೆ ಎದುರು ತಿರುಗುವುದಿಲ್ಲ.

ಮೂರನೇ ಬ್ಯಾಡ್ಜಿಗೆ ನೀನು ಲೆವಿನ್ಸಿಯಾ ಊರಿನ ಜಿಮ್ ಮುಖ್ಯಸ್ಥೆ ಅಯೋನೊ ಹತ್ತಿರ ಹೋಗುತ್ತೀಯ ಅಂತ ಲೆಕ್ಕ ಹಾಕುತ್ತೇನೆ. ಅವಳದ್ದು ಕರೆಂಟ್ ಪೋಕೆಮಾನ್‌ಗಳು, 23, 24ನೇ ಲೆವೆಲ್. ಆಟ ಶುರುವಾಗುವ ಕಡೆಯೇ ಕೆಸರು ಬಣ್ಣದ ವೂಪರ್ ಸಿಗುತ್ತದೆ, 20ಕ್ಕೆ ಕ್ಲಾಡ್‌ಸೈರ್ ಆಗುತ್ತದೆ. ಅದಕ್ಕೆ ಕರೆಂಟ್ ತಾಗುವುದೇ ಇಲ್ಲ. ಆದರೆ ಹುಷಾರು. ಅಯೋನೊಳ ಕೊನೆಯ ಮಿಸ್‌ಮೇಜಿಯಸ್ ಗಾಳಿಯಲ್ಲಿ ತೇಲುತ್ತದೆ, ನಿನ್ನ ಮಣ್ಣಿನ ಏಟು ಅದಕ್ಕೆ ಮುಟ್ಟುವುದಿಲ್ಲ. ಅದಕ್ಕೆ ಬೇರೆ ಯಾವುದಾದರೂ ಜೋರಾದ ಏಟು ಇಟ್ಟುಕೊಂಡು ಹೋಗು.

ಸ್ನಾನ, ಸ್ಯಾಂಡ್‌ವಿಚ್ ವ್ಯರ್ಥ ಆಯಿತು ಅಂದುಕೊಳ್ಳಬೇಡ. ಅದರಿಂದ ಆದ ಗೆಳೆತನ ಅಲ್ಲೇ ಜಮಾ ಆಗಿರುತ್ತದೆ. ತುಂಬ ಹತ್ತಿರವಾದ ಪೋಕೆಮಾನ್ ಸೋಲುವ ಏಟಿನಲ್ಲೂ ಒಮ್ಮೊಮ್ಮೆ ಜೀವದ ಒಂದು ಅಂಕ ಉಳಿಸಿಕೊಂಡು ನಿಲ್ಲುತ್ತದೆ. ನಿನ್ನನ್ನು ಬೇಜಾರು ಮಾಡಬಾರದು ಅಂತ ನಿಂತೆ ಅನ್ನುವ ಹಾಗೆ. ಮೊದಲ ಸಲ ಹಾಗಾದಾಗ ನನಗೆ ಬರೆದು ತಿಳಿಸು.

ಪ್ರಶ್ನೆ: ಸ್ಕಾರ್ಲೆಟ್‌ನಲ್ಲಿ ನನ್ನ ಈವಿ ಅನ್ನುವ ಪೋಕೆಮಾನ್ ರೂಪ ಬದಲಿಸಿ ಅಂಬ್ರಿಯಾನ್ ಆಗಬೇಕು ಅಂತ ಆಸೆ. 36ನೇ ಲೆವೆಲ್ ಆದರೂ ಈವಿ ಈವಿಯಾಗಿಯೇ ಇದೆ. ಪ್ರತಿ ಕಾಳಗದಲ್ಲೂ ಅದನ್ನೇ ಮುಂದೆ ಬಿಡುತ್ತೇನೆ. ಸೋತರೂ ಬಿಡುವುದಿಲ್ಲ. ಇನ್ನೇನು ಮಾಡಬೇಕು ಮೇಡಂ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ 'ಸೋತರೂ ಬಿಡುವುದಿಲ್ಲ' ಅನ್ನುವುದೇ ನಿಮಗೆ ಅಡ್ಡ ಬಂದಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಲೆವೆಲ್ ಅಲ್ಲ, ಗೆಳೆತನ. ಪರದೆಯ ಹಿಂದೆ ಅದಕ್ಕೊಂದು ಅಂಕ ಇದೆ, 0ಯಿಂದ 255ರವರೆಗೆ. ನಿಮ್ಮ ಆಟದಲ್ಲಿ ಈವಿ ಬದಲಾಗಲು 160 ಬೇಕು. ಹಳೆಯ ಆಟಗಳಲ್ಲಿ 220 ಬೇಕಿತ್ತು. ಪ್ರತಿ ಸಲ ಅದು ಮೂರ್ಛೆ ಹೋದಾಗ ಅಂಕ ಇಳಿಯುತ್ತದೆ. ನೀವು ಕಾಳಗದಲ್ಲಿ ಗಳಿಸಿದ್ದು ಸೋಲಿನಲ್ಲಿ ಸೋರಿಹೋಗಿದೆ. ಕೆಲವು ದಿನ ದೊಡ್ಡ ಕಾಳಗದಿಂದ ಅದನ್ನು ದೂರ ಇಡಿ. ಹೊರಗೆ ಬಿಟ್ಟು ಜೊತೆಯಲ್ಲಿ ನಡೆಸಿ, ಪಿಕ್ನಿಕ್‌ನಲ್ಲಿ ತೊಳೆಯಿರಿ.

ಸಿಲ್ವರ್‌ನಲ್ಲಿ ನನಗೂ ಹೀಗೇ ಆಗಿತ್ತು. ಗೋಲ್ಡನ್‌ರಾಡ್ ಊರಿನ ನೆಲದಡಿಯ ದಾರಿಯಲ್ಲಿ ಗಿಡಮೂಲಿಕೆ ಮಾರುವ ಅಂಗಡಿ ಇದೆ. ಆಟದ ದುಡ್ಡಿನಲ್ಲಿ ಸೂಪರ್ ಪೋಷನ್ ಅನ್ನುವ ಮಾಮೂಲಿ ಮದ್ದಿಗೆ 700, ಅಷ್ಟೇ ಗುಣ ಮಾಡುವ ಎನರ್ಜಿ ಪೌಡರ್ ಮೂಲಿಕೆಗೆ 500. ಕಡಿಮೆಗೆ ಸಿಗುತ್ತದೆ ಅಂತ ಮೂಲಿಕೆಯನ್ನೇ ಕೊಂಡುಕೊಂಡು, ಗೆಳೆತನದಿಂದಲೇ ರೂಪ ಬದಲಿಸುವ ನನ್ನ ಬಾವಲಿ ಗೋಲ್‌ಬ್ಯಾಟ್‌ಗೆ ಕುಡಿಸುತ್ತಲೇ ಬಂದೆ. ಅದು ಕಹಿ ಮದ್ದು. ಕುಡಿಸಿದಷ್ಟೂ ಗೆಳೆತನ ಕಡಿಮೆಯಾಗುತ್ತದೆ. ಅದೇ ದಾರಿಯಲ್ಲಿ ಅಣ್ಣತಮ್ಮ ಇಬ್ಬರು ಪೋಕೆಮಾನ್‌ಗೆ ಕ್ಷೌರ ಮಾಡುತ್ತಾರೆ, ಅದರಿಂದ ಗೆಳೆತನ ಹೆಚ್ಚುತ್ತದೆ. ಮದ್ದು ಬಿಟ್ಟು ಕ್ಷೌರಕ್ಕೆ ಹೋಗತೊಡಗಿದೆ. ಒಂದು ರಾತ್ರಿ ಸಣ್ಣದೊಂದು ಕಾಳಗ ಮುಗಿದ ಕೂಡಲೇ ಪರದೆ ನಿಂತಿತು, ಸಂಗೀತ ಬದಲಾಯಿತು. ಎರಡು ರೆಕ್ಕೆಯದ್ದು ನಾಲ್ಕು ರೆಕ್ಕೆಯ ಕ್ರೋಬ್ಯಾಟ್ ಆಗಿ ನಿಂತಿತ್ತು.

ಇನ್ನೊಂದು ಮುಖ್ಯ. ಈವಿ 15ರಲ್ಲಿ ಬೇಬಿ ಡಾಲ್ ಐಸ್ ಅನ್ನುವ ವಿದ್ಯೆ ಕಲಿಯುತ್ತದೆ. ಅದು ಫೇರಿ ಬಗೆಯದ್ದು. ಅದು ನೆನಪಿನಲ್ಲಿದ್ದರೆ ಹಗಲಾಗಲಿ ರಾತ್ರಿಯಾಗಲಿ ಈವಿ ಸಿಲ್ವಿಯಾನ್ ಅನ್ನುವ ಬೇರೆ ರೂಪ ತಾಳಿಬಿಡುತ್ತದೆ. ಮೊದಲು ಅದನ್ನು ಮರೆಸಿ. ಆಮೇಲೆ ಆಟದಲ್ಲಿ ಕತ್ತಲಾಗುವವರೆಗೆ ಕಾದು ಲೆವೆಲ್ ಏರಿಸಿ. ಹಗಲಿನಲ್ಲಿ ಏರಿಸಿದರೆ ಎಸ್ಪಿಯಾನ್ ಬರುತ್ತದೆ.

ಪ್ರಶ್ನೆ: ಹಳೆಯ ಗೇಮ್ ಬಾಯ್ ಸಿಕ್ಕಿದೆ, ಮಗಳ ಜೊತೆ ಪೋಕೆಮಾನ್ ರೆಡ್ ಶುರು ಮಾಡಿದ್ದೇವೆ. ಒಂದು ಸ್ಪಿಯರೋ ಕೊಟ್ಟು ಡಕ್ಸ್ ಅನ್ನುವ ಬಾತುಕೋಳಿ ತಗೊಂಡೆವು. ಮೊದಲು ಚೆನ್ನಾಗಿ ಮಾತು ಕೇಳುತ್ತಿತ್ತು, ಈಗ 31ಕ್ಕೆ ಬಂದ ಮೇಲೆ ಕೇಳುತ್ತಿಲ್ಲ. ಮಗಳು ಅದಕ್ಕೆ ಕೋಪ ಬಂದಿದೆ ಅನ್ನುತ್ತಾಳೆ.
– ಒಬ್ಬ ತಂದೆ, ಪುತ್ತೂರು

ಉತ್ತರ: ಕೋಪ ಇಲ್ಲ ಅಂತ ಮಗಳಿಗೆ ಹೇಳಿ ಸರ್. ಆಟದೊಳಗಿನವರು ಕೊಟ್ಟರೂ ಅದು ಬೇರೆಯವರದ್ದೇ. ಬೇರೆಯವರಿಂದ ಬಂದದ್ದಕ್ಕೆ ಅನುಭವ ಒಂದೂವರೆ ಪಟ್ಟು ಸಿಗುತ್ತದೆ, ಹಾಗಾಗಿ ಡಕ್ಸ್ ನಿಮ್ಮ ಬ್ಯಾಡ್ಜನ್ನು ಹಿಂದೆ ಹಾಕಿ ಬೆಳೆದುಬಿಟ್ಟಿದೆ. ಜಿಮ್ ಮುಖ್ಯಸ್ಥೆ ಮಿಸ್ಟಿಯನ್ನು ಗೆದ್ದು ಸಿಗುವ ಕ್ಯಾಸ್ಕೇಡ್ ಬ್ಯಾಡ್ಜ್ ಇದ್ದರೆ 30ನೇ ಲೆವೆಲ್ಲಿನವರೆಗೆ ಮಾತು ಕೇಳುತ್ತದೆ. ಮುಂದೆ ಸೆಲಡನ್ ಊರಿನ ಎರಿಕಾಳನ್ನು ಗೆದ್ದರೆ 50, ಸಬ್ರಿನಾಳನ್ನು ಗೆದ್ದರೆ 70, ಕೊನೆಯ ಜಿಯೊವಾನಿಯನ್ನು ಗೆದ್ದರೆ ಮಿತಿಯೇ ಇಲ್ಲ. ಈ ಆಟದಲ್ಲಿ ನೀವೇ ಹಿಡಿದವು ಎಷ್ಟೇ ದೊಡ್ಡವಾದರೂ ಮಾತು ಕೇಳುತ್ತವೆ. ಎರಿಕಾಳನ್ನು ಗೆಲ್ಲುವವರೆಗೆ ಡಕ್ಸ್‌ಗೆ ರಜೆ ಕೊಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಆ ಕಾರ್ಟ್ರಿಜ್ ಒಳಗೆ ಒಂದು ಬಟನ್ ಸೆಲ್ ಇರುತ್ತದೆ, ಸೇವ್ ಉಳಿಯುವುದು ಅದರಿಂದಲೇ. ಸೆಲ್ ಹಳೆಯದಾಗಿದ್ದರೆ ಮಗಳು ಇಷ್ಟು ದೂರ ಬಂದದ್ದೆಲ್ಲ ಒಂದು ದಿನ ಅಳಿಸಿಹೋಗುತ್ತದೆ. ಸೆಲ್ ತೆಗೆದಾಗಲೂ ಸೇವ್ ಹೋಗುತ್ತದೆ. ಹಾಗಾಗಿ ಆಟ ಇನ್ನೂ ದೂರ ಹೋಗುವ ಮೊದಲೇ, ಬೆಸುಗೆ ಹಾಕಲು ಬರುವ ರಿಪೇರಿಯವರ ಹತ್ತಿರ ಹೊಸ ಸೆಲ್ ಹಾಕಿಸಿಕೊಂಡು ಮತ್ತೆ ಶುರು ಮಾಡುವುದು ಒಳ್ಳೆಯದು. ಡಕ್ಸ್ ಕೊಡುವವರು ಆಟದ ವರ್ಮಿಲಿಯನ್ ಊರಿನಲ್ಲೇ ಇರುತ್ತಾರೆ.