ಆ್ಯಪ್‌ನ ಪಾಯಿಂಟ್ ಮತ್ತು ನಿಮ್ಮ ನಿಧಾನದ ಓಟ

ಅಣ್ಣ, ನಿಮ್ಮ ಪ್ರಶ್ನೆ ತುಂಬ ಮೇಲೆ ಹೋಗಿದೆ. ಈಗ ಓದುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮಗೆ 46 ವರ್ಷ. ಹಾಫ್ ಮ್ಯಾರಥಾನ್‌ಗೆ ಅಂತ ಮಣಿಪಾಲದ ಕಡೆ ವಾರಕ್ಕೆ ಐದು ದಿನ ಓಡುತ್ತೀರಿ. ಮ್ಯಾಕ್ಸ್ ಹಾರ್ಟ್ ರೇಟ್‌ನ (ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿಯಬಲ್ಲದೋ ಅದು) ಶೇಕಡಾ 70ರ ಮೇಲೆ 30 ನಿಮಿಷ ಇದ್ದರೆ ನಿಮ್ಮ ಆರೋಗ್ಯ ವಿಮೆಯ ಆ್ಯಪ್ ಪಾಯಿಂಟ್ ಕೊಡುತ್ತದೆ. ನಿಮಗೆ ಆ ಗಡಿ ನಿಮಿಷಕ್ಕೆ 122 ಬಡಿತ. ನಿಮ್ಮ ನಿಧಾನದ ಓಟ 116ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಪಾಯಿಂಟ್ ಸೊನ್ನೆ. ಈಗಷ್ಟೇ ವಾಕಿಂಗ್ ಶುರು ಮಾಡಿದ ಅತ್ತಿಗೆಗೆ ಮಾತ್ರ ದಿನಾ ಪಾಯಿಂಟ್ ಬೀಳುತ್ತಿದೆ. ಹೀಗೇಕೆ, ಏನು ಮಾಡುವುದು ಅಂತ ನಿಮ್ಮ ಪ್ರಶ್ನೆ. ಇದಕ್ಕೆ ಒಬ್ಬರು "ದಿನಾ ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ, ಸಿಗ್ತದೆ" ಅಂತ ಉತ್ತರ ಕೊಟ್ಟಿದ್ದಾರೆ. ಅದೊಂದನ್ನು ಮಾತ್ರ ಮಾಡಬೇಡಿ ಮಾರಾಯ್ರೆ.

ಮೊದಲು ಆ 122 ಎಲ್ಲಿಂದ ಬಂತು ಅಂತ ನೋಡುವ. ಆ್ಯಪ್‌ಗೆ ನಿಮ್ಮ ಹೃದಯದ ಬಗ್ಗೆ ಏನೂ ಗೊತ್ತಿಲ್ಲ, ಹುಟ್ಟಿದ ತಾರೀಕು ಮಾತ್ರ ಗೊತ್ತು. 220ರಿಂದ ವಯಸ್ಸು ಕಳೆದರೆ 174, ಅದರ ಶೇಕಡಾ 70 ಅಂದರೆ 122. ಈ 220ರ ಲೆಕ್ಕ 1970ರ ದಶಕದ ಶುರುವಿನಲ್ಲಿ ಬಂದದ್ದು, ಆಗ ಕೈಯಲ್ಲಿದ್ದ ಅಂಕಿಗಳ ನಡುವೆ ಎಳೆದ ಒಂದು ಅಂದಾಜು ಗೆರೆ ಅಷ್ಟೆ. 2001ರಲ್ಲಿ ತನಾಕಾ ಎಂಬ ಸಂಶೋಧಕ ಮತ್ತು ಜೊತೆಗಾರರು ಇನ್ನೊಂದು ಲೆಕ್ಕ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ, ಬಂದದ್ದನ್ನು 208ರಿಂದ ಕಳೆಯಬೇಕು. 40ರ ವಯಸ್ಸಿನಲ್ಲಿ ಎರಡೂ 180 ಕೊಡುತ್ತವೆ. 60ಕ್ಕೆ ಬಂದರೆ ಹಳೆಯದು 160 ಅನ್ನುತ್ತದೆ, ಹೊಸದು 166. ಆದರೆ ಯಾವ ಲೆಕ್ಕ ಹಿಡಿದರೂ ಅದು ಸರಾಸರಿಯೇ. ಒಂದೇ ವಯಸ್ಸಿನವರಲ್ಲಿ ಹತ್ತು ಹನ್ನೆರಡು ಬಡಿತ ಆಚೆ ಈಚೆ ಆಗುವುದು ತೀರಾ ಮಾಮೂಲು, ಕೆಲವರಲ್ಲಿ ಅದಕ್ಕಿಂತಲೂ ಜಾಸ್ತಿ.

ನಿಮ್ಮ ನಿಜವಾದ ಮ್ಯಾಕ್ಸ್ 162 ಅಂತ ಇಟ್ಟುಕೊಳ್ಳಿ. ಆಗ 122 ಅಂದರೆ ಶೇಕಡಾ 75. ಪಕ್ಕದಲ್ಲಿ ಓಡುವವನ ಮ್ಯಾಕ್ಸ್ 186 ಇದ್ದರೆ ಅವನಿಗೆ ಅದೇ 122 ಶೇಕಡಾ 66 ಕೂಡ ಆಗುವುದಿಲ್ಲ. ಅವನು ಹರಟೆ ಹೊಡೆಯುತ್ತಾ ಪಾಯಿಂಟ್ ತೆಗೆಯುತ್ತಾನೆ, ನಿಮಗೆ ಏದುಸಿರು. ಮ್ಯಾಕ್ಸ್ ಕಡಿಮೆ ಇರುವುದು ದುರ್ಬಲ ಹೃದಯದ ಲಕ್ಷಣ ಅಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ತರಬೇತಿಯಿಂದ ಅದು ಏರುವುದೂ ಇಲ್ಲ. ಓಡಿ ಓಡಿ ಇಳಿಯುವುದು ಸುಮ್ನೆ ಕೂತಾಗಿನ ಬಡಿತ ಮತ್ತು ಅದೇ ವೇಗಕ್ಕೆ ಬೇಕಾಗುವ ಬಡಿತ. ಅಂದರೆ ಫಿಟ್ ಆದಷ್ಟೂ ಈ ಆ್ಯಪ್‌ನಲ್ಲಿ ಪಾಯಿಂಟ್ ಕಷ್ಟ. ಅತ್ತಿಗೆಗೆ ಬೀಳುವುದು ಇದೇ ಕಾರಣಕ್ಕೆ. ಹೊಸದಾಗಿ ಶುರು ಮಾಡಿದವರ ಹೃದಯ ಬಿರುಸಿನ ನಡಿಗೆಗೂ 128ಕ್ಕೆ ಏರುತ್ತದೆ. ಅದು ಮೋಸ ಅಲ್ಲ, ಅವರಿಗೆ ಅದು ನಿಜವಾದ ವ್ಯಾಯಾಮವೇ.

ಇನ್ನೊಂದು ಗೊಂದಲ ಇದೆ, ಇದರಲ್ಲಿ ತುಂಬ ಜನ ಸಿಕ್ಕಿಬೀಳುತ್ತಾರೆ. ಎಲ್ಲ ಕಡೆ "70" ಒಂದೇ ಅಲ್ಲ. ಕೆಲವು ವಾಚುಗಳು ಮ್ಯಾಕ್ಸ್‌ನಿಂದ ರೆಸ್ಟಿಂಗ್ (ಸುಮ್ನೆ ಕೂತಾಗಿನ ಬಡಿತ) ಕಳೆದು, ಉಳಿದದ್ದರ ಶೇಕಡಾ 70 ಹಿಡಿದು, ಅದಕ್ಕೆ ರೆಸ್ಟಿಂಗ್ ಮತ್ತೆ ಸೇರಿಸುತ್ತವೆ. ಕಾರ್ವೊನೆನ್ ಲೆಕ್ಕ ಅಂತ ಇದಕ್ಕೆ ಹೆಸರು. ರೆಸ್ಟಿಂಗ್ 50 ಇದ್ದರೆ ನಿಮಗೆ 137 ಬರುತ್ತದೆ. ವಿಮೆಯ ಆ್ಯಪ್‌ನಲ್ಲಿ 122, ವಾಚಿನಲ್ಲಿ 137, ಎರಡಕ್ಕೂ ಹೆಸರು ಶೇಕಡಾ 70! ಹದಿನೈದು ಬಡಿತದ ವ್ಯತ್ಯಾಸ ಅಂದರೆ ಸಣ್ಣದಲ್ಲ. ಫಿಟ್‌ಬಿಟ್ ರೆಸ್ಟಿಂಗ್ ಸೇರಿಸಿಯೇ ಲೆಕ್ಕ ಹಾಕುತ್ತದೆ.

ಪಾಯಿಂಟ್ ಎಣಿಸುವ ರೀತಿಯೂ ಬೇರೆ ಬೇರೆ. ಗೂಗಲ್ ಫಿಟ್ 2018ರಲ್ಲಿ ತಂದ ಹಾರ್ಟ್ ಪಾಯಿಂಟ್ಸ್ ನಿಮಿಷದ ಲೆಕ್ಕ: ಸಾಧಾರಣ ಶ್ರಮಕ್ಕೆ ಒಂದು, ಜೋರು ಶ್ರಮಕ್ಕೆ ಎರಡು. ವಾರಕ್ಕೆ 150 ಗುರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ. ಹಾಗಾಗಿ ಆ 150 ಸುಮ್ನೆ ಇಟ್ಟದ್ದಲ್ಲ. ಅಮೇಜ್‌ಫಿಟ್ ವಾಚುಗಳಲ್ಲಿ ಕಾಣುವ ಪಿಎಐ ಎಂಬ ಅಂಕ ಏಳು ದಿನದ ಒಟ್ಟು ಲೆಕ್ಕ, 100 ಮುಟ್ಟಬೇಕು. ದಕ್ಷಿಣ ಆಫ್ರಿಕಾದ ಡಿಸ್ಕವರಿ ವಿಮೆ ಕಂಪನಿ 1997ರಲ್ಲಿ ಶುರು ಮಾಡಿದ ವೈಟಾಲಿಟಿ ಎಂಬ ಪಾಯಿಂಟ್ ಯೋಜನೆಯ ದಾರಿಯಲ್ಲಿ ಬಂದ ಯೋಜನೆಗಳು ಒಂದು ಸೆಷನ್ ಎಷ್ಟು ಹೊತ್ತು, ಅದರ ಸರಾಸರಿ ಎಷ್ಟು ಅಂತ ನೋಡುತ್ತವೆ. ನಿಮ್ಮದು ಈ ಜಾತಿಯದ್ದು ಅಂತ ಕಾಣುತ್ತದೆ. ನಮ್ಮಲ್ಲಿ ಎಲ್ಲ ವಿಮೆಯೂ ಹಾರ್ಟ್ ರೇಟ್ ಕೇಳುವುದಿಲ್ಲ, ಹೆಜ್ಜೆ ಎಣಿಸಿ ಸುಮ್ಮನಾಗುವವೂ ಇವೆ. (ಹೆಜ್ಜೆಯಾದರೆ ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟುವ ಮಹಾನುಭಾವರೂ ಇದ್ದಾರೆ, ಬಿಡಿ.)

ಸರಾಸರಿಯ ಲೆಕ್ಕವಾದರೆ ನಿಮ್ಮ ಅರ್ಧ ಸಮಸ್ಯೆ ವಾರ್ಮಪ್‌ನದ್ದು. ಮೊದಲ ಹತ್ತು ನಿಮಿಷ 95, 100ರಲ್ಲಿ ಇದ್ದರೆ ಇಡೀ ಸರಾಸರಿ ಕೆಳಗೆ ಬೀಳುತ್ತದೆ. ವಾರ್ಮಪ್ ಮುಗಿಸಿ ಅದನ್ನು ಸೇವ್ ಮಾಡಿ. ಆಮೇಲೆ ಹೊಸ ಆಕ್ಟಿವಿಟಿ ಶುರು ಮಾಡಿ. ಇದರಲ್ಲಿ ಕಳ್ಳಾಟ ಏನೂ ಇಲ್ಲ. ಕೊನೆಯ ಕೂಲ್‌ಡೌನ್ ಕೂಡ ಹೊರಗೇ ಇರಲಿ. ಇಂಟರ್ವಲ್ ಓಟಕ್ಕೆ (ಸ್ವಲ್ಪ ಜೋರು, ಸ್ವಲ್ಪ ನಿಧಾನ ಅಂತ ಬದಲಿಸಿ ಓಡುವುದು) ಸರಾಸರಿಯ ಆ್ಯಪ್ ಅಷ್ಟು ಒಳ್ಳೆಯದಲ್ಲ, ನಡುವಿನ ನಿಧಾನದ ಜಾಗಿಂಗ್ ಸರಾಸರಿಯನ್ನು ಎಳೆಯುತ್ತದೆ. ನಿಮಿಷ ಎಣಿಸುವ ಆ್ಯಪ್ ಆದರೆ ತೊಂದರೆ ಇಲ್ಲ.

ಈಗ ನಮ್ಮ ಊರಿನ ವಿಷಯ. ಸೆಕೆ! ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆರಕ್ಕೇ ಬನಿಯನ್ ಒದ್ದೆ. ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಬೆವರು ಇಳಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಸಲು ಹೃದಯ ಚರ್ಮದ ಕಡೆಗೆ ರಕ್ತ ಜಾಸ್ತಿ ಕಳಿಸಬೇಕು, ಕಾಲಿಗೂ ಕಳಿಸಬೇಕು. ಮೇಲಿಂದ ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೇ ಕಡಿಮೆ. ಒಂದೊಂದು ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾದಾಗ ಬಡಿತ ಹೆಚ್ಚಬೇಕು, ಅಲ್ವಾ? ಹಾಗಾಗಿ ವೇಗ ಅಷ್ಟೇ ಇದ್ದರೂ 45 ನಿಮಿಷದ ಹೊತ್ತಿಗೆ ಹಾರ್ಟ್ ರೇಟ್ ಹತ್ತು ಹದಿನೈದು ಮೇಲೆ ಹೋಗಿರುತ್ತದೆ. ಡಿಸೆಂಬರ್‌ನಲ್ಲಿ ಪಾಯಿಂಟ್ ಸಿಗದ ಅದೇ ಓಟಕ್ಕೆ ಮೇನಲ್ಲಿ ಸಿಗುತ್ತದೆ. ಆ ಪಾಯಿಂಟ್ ಕೊಟ್ಟದ್ದು ಸೆಕೆ, ನಿಮ್ಮ ಕಾಲಲ್ಲ. ಅದನ್ನು ನೋಡಿ ಫಿಟ್‌ನೆಸ್ ಹೋಯಿತು ಅಂತಲೂ ತಿಳಿಯಬೇಡಿ, ಬಂತು ಅಂತಲೂ ತಿಳಿಯಬೇಡಿ. ಪಾಯಿಂಟ್‌ಗೋಸ್ಕರ ಮಧ್ಯಾಹ್ನ ಓಡುವ ಐಡಿಯಾ ಯಾರಿಗಾದರೂ ಹೊಳೆದಿದ್ದರೆ ಅಲ್ಲಿಗೇ ಬಿಡಿ. ತಲೆ ತಿರುಗಿದರೆ, ಚಳಿ ಬಂದ ಹಾಗೆ ಮೈ ಜುಮ್ ಅಂದರೆ ನಿಲ್ಲಿಸಿ ನೆರಳಿಗೆ ಹೋಗಿ. ಓಟ ಮುಗಿದ ಮೇಲೆ ಒಂದು ಬೊಂಡ (ಎಳನೀರು), ಜೊತೆಗೆ ಉಪ್ಪು ಹಾಕಿದ ಗಂಜಿ ತಿಳಿ ಸಾಕು. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅದಕ್ಕೇ ಉಪ್ಪು.

ಹಾಗಾದರೆ ಮಾಡುವುದೇನು? ಐದು ದಿನದಲ್ಲಿ ಎರಡು ದಿನ ಪಾಯಿಂಟ್‌ಗೆ ಬಿಟ್ಟುಕೊಡಿ, ಮೂರು ದಿನ ಆ್ಯಪ್ ಕಡೆ ನೋಡಲೇಬೇಡಿ. ಒಂದು ದಿನ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಅರ್ಧ ಗಂಟೆ ಟೆಂಪೊ ಓಟ, ಒಂದೊಂದು ಚಿಕ್ಕ ವಾಕ್ಯ ಮಾತ್ರ ಆಡಲು ಆಗುವ ವೇಗದಲ್ಲಿ. ಇನ್ನೊಂದು ದಿನ ಏರು. ನಿಮಗೆ ಮಣಿಪಾಲದಲ್ಲಿ ಏರಿಗೇನು ಬರ. ಮಂಗಳೂರಿನವರಿಗೆ ಕದ್ರಿ ಗುಡ್ಡ, ಲೈಟ್‌ಹೌಸ್ ಹಿಲ್ ಇದೆ. ಏರಿನಲ್ಲಿ ಬಿರುಸಾಗಿ ನಡೆದರೂ 122 ಸುಲಭವಾಗಿ ದಾಟುತ್ತದೆ, ಮಂಡಿಗೆ ಪೆಟ್ಟೂ ಕಡಿಮೆ. ಇಳಿಯುವಾಗ ಮಾತ್ರ ನಿಧಾನ. ಮಲ್ಪೆ, ಪಣಂಬೂರಿನ ಒಣ ಮರಳಲ್ಲಿ ಓಡಿದರೂ ಬಡಿತ ಏರುತ್ತದೆ. ಆದರೆ ಅಭ್ಯಾಸ ಇಲ್ಲದವರ ಮೀನಖಂಡಕ್ಕೆ, ಹಿಮ್ಮಡಿಯ ಸ್ನಾಯುರಜ್ಜಿಗೆ ಅದು ಭಾರ, ಹತ್ತು ನಿಮಿಷದಿಂದ ಶುರು ಮಾಡಿ. ಉಳಿದ ಮೂರು ದಿನದ 116ರ ಓಟ ಇದೆಯಲ್ಲ, ನಿಮ್ಮ ಹಾಫ್ ಮ್ಯಾರಥಾನ್‌ಗೆ ಬುನಾದಿ ಅದೇ. ದಿನಾ 125, 130ಕ್ಕೆ ಎಳೆದರೆ ನಿಧಾನದ ದಿನ ನಿಧಾನ ಅಲ್ಲ, ಜೋರಿನ ದಿನಕ್ಕೆ ಕಾಲಲ್ಲಿ ಕಸುವೇ ಉಳಿದಿರುವುದಿಲ್ಲ. ಈ ಪಾಯಿಂಟ್ ಯೋಜನೆ ಮಾಡಿದ್ದು ಸೋಫಾದಿಂದ ಏಳದವರನ್ನು ಏಳಿಸಲು. ನಿಮಗೆ ತರಬೇತಿ ಕೊಡಲು ಅಲ್ಲ. ದಿನಕ್ಕೆ, ವಾರಕ್ಕೆ ಇಷ್ಟೇ ಪಾಯಿಂಟ್ ಅಂತ ಮಿತಿ ಇದೆಯಾ ಅಂತಲೂ ನೋಡಿ. ಮಿತಿ ಮುಟ್ಟಿದ ಮೇಲೆ ಬೆನ್ನಟ್ಟುವುದಕ್ಕೆ ಅರ್ಥ ಇಲ್ಲ. ನಿಜವಾದ ಮ್ಯಾಕ್ಸ್ ಗೊತ್ತಾದರೆ ಅದನ್ನು ವಾಚಿನಲ್ಲಿ ಹಾಕಿ, ವಿಮೆಯ ಆ್ಯಪ್ ಅದರ ಪಾಡಿಗೆ ಇರಲಿ. 5 ಕಿಲೋಮೀಟರ್ ರೇಸಿನ ಕೊನೆಯ ಓಟದಲ್ಲಿ ಕಂಡ ಅತಿ ಹೆಚ್ಚು ಅಂಕಿ ಮ್ಯಾಕ್ಸ್‌ಗೆ ಹತ್ತಿರ ಇರುತ್ತದೆ. ಸಕ್ಕರೆ, ಬಿಪಿ ಇದ್ದವರು, ಮನೆಯಲ್ಲಿ ಹೃದಯದ ತೊಂದರೆ ಇದ್ದವರು ಅಂಥ ಜೋರು ಓಟಕ್ಕೆ ಮೊದಲು ಡಾಕ್ಟರನ್ನು ಕಂಡು, ಹೇಳಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಲಿ.

ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತಗೊಳ್ಳುವವರು ಇದನ್ನು ಎರಡು ಸಲ ಓದಿ. ಆ ಮಾತ್ರೆಯ ಕೆಲಸವೇ ಬಡಿತ ತಗ್ಗಿಸುವುದು. ವಯಸ್ಸಿನ ಲೆಕ್ಕದ ಟಾರ್ಗೆಟ್ ನಿಮಗೆ ಅನ್ವಯಿಸುವುದಿಲ್ಲ, ಬೆನ್ನಟ್ಟಿದರೆ ಅಪಾಯ. ಪಾಯಿಂಟ್‌ಗೋಸ್ಕರ ಮಾತ್ರೆ ತಪ್ಪಿಸುವುದಂತೂ ಬೇಡವೇ ಬೇಡ. ಜ್ವರ ಇದ್ದಾಗಲೂ ಓಡಬೇಡಿ, ಮಳೆಗಾಲದಲ್ಲಿ ವಿಶೇಷವಾಗಿ.

ಮಣಿಕಟ್ಟಿನ ವಾಚನ್ನು ಪೂರ್ತಿ ನಂಬಬೇಡಿ. ಹಸಿರು ದೀಪ ಬಿಟ್ಟು ರಕ್ತದ ಏರಿಳಿತ ನೋಡುವ ಯಂತ್ರ ಅದು. ವಾಚು ಸಡಿಲ ಇದ್ದರೆ ಕೈ ಬೀಸುವ ತಾಳವನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ಓಡುವಾಗ ನಿಮಿಷಕ್ಕೆ 160, 170 ಹೆಜ್ಜೆ ಬೀಳುತ್ತದೆ. ಗ್ರಾಫ್ ಮೊದಲ ಐದು ನಿಮಿಷದಲ್ಲೇ 170ಕ್ಕೆ ಹಾರಿ ಅಲ್ಲೇ ನಿಂತಿದ್ದರೆ ಅದು ಹೆಜ್ಜೆಯ ಲೆಕ್ಕ. ಅಂಥ ಪಾಯಿಂಟ್ ಸಿಕ್ಕಿದರೂ ಖುಷಿ ಪಡಬೇಡಿ. ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ, ಗಟ್ಟಿಯಾಗಿ ಕಟ್ಟಿ. ಎದೆಪಟ್ಟಿ ಇನ್ನೂ ಒಳ್ಳೆಯದು, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಒದ್ದೆ ಇದ್ದರೆ ಮಾತ್ರ ಸರಿಯಾಗಿ ಓದುತ್ತದೆ. ನಮ್ಮ ಊರಲ್ಲಿ ಅದಕ್ಕೇನೂ ಕಷ್ಟ ಇಲ್ಲ! ಆದರೆ ಇಲ್ಲಿನ ಉಪ್ಪು ಬೆವರು ಪಟ್ಟಿಗೆ ಯಂತ್ರ ಸಿಕ್ಕಿಸುವ ಗುಂಡಿಗಳನ್ನು ತಿಂದುಬಿಡುತ್ತದೆ. ಓಟ ಮುಗಿದ ಕೂಡಲೇ ಯಂತ್ರ ಕಳಚಿ, ಪಟ್ಟಿಯನ್ನು ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ಪಟ್ಟಿಗೇ ಸಿಕ್ಕಿಸಿಟ್ಟರೆ ಒಳಗಿನ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಕೊಳ್ಳುವ ಮೊದಲು ಎದೆಪಟ್ಟಿಯ ಲೆಕ್ಕ ನಿಮ್ಮ ವಿಮೆಯ ಆ್ಯಪ್‌ಗೆ ಹೋಗುತ್ತದಾ ಅಂತ ಕೇಳಿ. ಕೆಲವು ಆ್ಯಪ್ ತಾವು ಹೆಸರಿಸಿದ ವಾಚುಗಳಿಂದ ಬಂದದ್ದನ್ನು ಮಾತ್ರ ಒಪ್ಪುತ್ತವೆ.

ನಿಮ್ಮ ಆ್ಯಪ್‌ನ ನಿಯಮದ ಪುಟದ ಸ್ಕ್ರೀನ್‌ಶಾಟ್ ಮತ್ತು ಹೋದ ವಾರದ ಒಂದು ಓಟದ ಗ್ರಾಫ್ ಇಲ್ಲಿ ಹಾಕಿ. ಸರಾಸರಿಯೋ ನಿಮಿಷದ ಲೆಕ್ಕವೋ ಅಂತ ನೋಡಿ, ಎರಡು ದಿನ ಯಾವುದು ಅಂತ ಇಲ್ಲೇ ಕೂತು ಗೊತ್ತು ಮಾಡುವ.